ಹರಿಶ್ಚಂದ್ರ ನಾಟಕದ ಹಳೆಯ ಮಟ್ಟುಗಳನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ಮಾನ್ಯರೇ, ಮಂಡ್ಯದ ಬಳಿಯ ನಮ್ಮೂರಿನಲ್ಲಿ ಈ ಸಲದ ಹಬ್ಬಕ್ಕೆ ‘ಸತ್ಯ ಹರಿಶ್ಚಂದ್ರ’ ನಾಟಕ ಆಡುವುದೆಂದು ಹಿರಿಯರು ನಿಶ್ಚಯಿಸಿದ್ದಾರೆ. ಹಾರ್ಮೋನಿಯಂ ಮೇಷ್ಟ್ರು ಕಂಪನಿ ನಾಟಕಗಳ ಕಾಲದ ಮಟ್ಟುಗಳನ್ನು ಕಲಿಸುತ್ತಿದ್ದಾರೆ. ಪಾತ್ರ ವಹಿಸಿರುವ ಹುಡುಗರು ಮಾತ್ರ 1965ರ ಚಲನಚಿತ್ರದ ಹಾಡುಗಳೇ ಬೇಕೆಂದು ಹಟ ಹಿಡಿದಿದ್ದಾರೆ. ರಾಜ್‌ಕುಮಾರ್ ಅವರ ಆ ಚಿತ್ರವನ್ನು ನೋಡಿ ನಾನೂ ಅತ್ತವನೇ. ಆದರೆ ಕಳೆದ ಭಾನುವಾರದ ತಾಲೀಮಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ, ತಿದಿಯನ್ನು ಮೆಲ್ಲಗೆ ಒತ್ತುತ್ತಾ, ಸ್ಮಶಾನದ ಕಂದಪದ್ಯವೊಂದರ ಕೊನೆಯ ಸಾಲನ್ನು ಮೂರು ಬಗೆಯಲ್ಲಿ ಎಳೆದು ಹಾಡಿದಾಗ, ಹಟ ಹಿಡಿದಿದ್ದ ಹುಡುಗರೇ ಸುಮ್ಮನೆ ಕುಳಿತುಬಿಟ್ಟರು. ಇವನ್ನು ಕೈಬಿಡುವುದು ಸರಿಯೇ?

ಉತ್ತರ (ಮದ್ದೂರು)

ಖಂಡಿತ ಕೈಬಿಡಬೇಡಿ. ಚಿತ್ರದಲ್ಲಿ ಕ್ಯಾಮೆರಾ ನಟನ ಮುಖವನ್ನು ಹತ್ತಿರಕ್ಕೆ ತರುತ್ತದೆ, ಆದ್ದರಿಂದ ದುಃಖವನ್ನು ತೋರಿಸಲು ಒಂದು ನೋಟವೇ ಸಾಕು. ರಂಗದ ಮೇಲೆ, ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕುಳಿತವರಿಗೂ ಅದು ತಲುಪಬೇಕಾದರೆ ಹಾಡೇ ಆ ಕೆಲಸ ಮಾಡಬೇಕು. ಸತ್ತ ಮಗನನ್ನು ಎತ್ತಿಕೊಂಡು ಬಂದ ಚಂದ್ರಮತಿಯಿಂದ ಸುಡುಗಾಡಿನ ತೆರಿಗೆಯನ್ನು ಕೇಳುವಾಗ ಮಾತು ಹಾಡಾಗುತ್ತದೆ, ಹಾಡು ಮತ್ತೆ ಮಾತಿಗೆ ಇಳಿಯುತ್ತದೆ, ಹಾರ್ಮೋನಿಯಂ ಎರಡರ ನಡುವೆ ಶ್ರುತಿ ಹಿಡಿದು ಕಾಯುತ್ತಿರುತ್ತದೆ. ಧ್ವನಿಮುದ್ರಿತ ಚಿತ್ರಗೀತೆಗೆ ಈ ಸಾವಧಾನವಿಲ್ಲ. ಇನ್ನೊಂದು ಮಾತು: ಚಂದ್ರಮತಿಯ ಪಾತ್ರಕ್ಕೆ ಮಂಡ್ಯದಿಂದಲೋ ಮೈಸೂರಿನಿಂದಲೋ ಕಲಾವಿದೆಯನ್ನು ಕರೆಸುವಿರಾದರೆ, ಊರೂರು ಸುತ್ತಿ ಅದೇ ಪಾತ್ರ ಮಾಡಿದ ಆಕೆಗೆ ಹಳೆಯ ಪದ್ಯಗಳು ಬಾಯಿಪಾಠವಾಗಿರುತ್ತವೆ. ಮೊದಲು ಅವರನ್ನು ಕೇಳಿ.

ಉತ್ತರ (ಕುವೆಂಪುನಗರ, ಮೈಸೂರು)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಚಿತ್ರವನ್ನು ನಾಟಕದ ಶತ್ರುವೆಂದು ಎಣಿಸಬೇಕಾಗಿಲ್ಲ. ಅದನ್ನು ನಿರ್ದೇಶಿಸಿದ ಹುಣಸೂರು ಕೃಷ್ಣಮೂರ್ತಿಯವರು ರಂಗಭೂಮಿಯಲ್ಲಿ ಪಳಗಿದವರು. 1943ರಲ್ಲಿಯೇ ಆರ್. ನಾಗೇಂದ್ರರಾಯರು ಇದೇ ಕಥೆಯನ್ನು ತೆರೆಗೆ ತಂದಿದ್ದರು. ಅದರಲ್ಲಿ ಹರಿಶ್ಚಂದ್ರನಾದ ಸುಬ್ಬಯ್ಯ ನಾಯ್ಡು ಅವರೂ ನಾಟಕದ ನಟರೇ. 1965ರ ಚಿತ್ರದಲ್ಲಿ ಸುಡುಗಾಡಿನ ಒಡೆಯನಾದ ಎಂ. ಪಿ. ಶಂಕರ್ ಅವರ ವೀರಬಾಹುವಿಗೆ ಘಂಟಸಾಲ ಹಾಡಿದ ‘ಕುಲದಲ್ಲಿ ಕೀಳ್ಯಾವುದೋ’ ಹಾಡನ್ನು ಜನ ಕೇಳಿಯೇ ಕೇಳುತ್ತಾರೆ, ಅದೊಂದನ್ನು ಇಟ್ಟುಕೊಳ್ಳಿ. ಕುಲದ ಆ ಪ್ರಶ್ನೆ ಸಿನಿಮಾದವರು ಹೊಸದಾಗಿ ತಂದದ್ದೂ ಅಲ್ಲ. ರಾಘವಾಂಕನ ಕಾವ್ಯದಲ್ಲಿ, ತಮ್ಮನ್ನು ಮದುವೆಯಾಗೆಂದು ಕೇಳಿ ಕುಲದ ಕಾರಣಕ್ಕೆ ನಿರಾಕರಣೆಗೆ ಒಳಗಾದ ಹೆಣ್ಣುಮಕ್ಕಳು, ನಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪವನ್ನು ಕಂಡ ಕಣ್ಣಿಗೆ ಇಲ್ಲದ ಹೊಲೆ ಮುಟ್ಟಿದರೆ ಮಾತ್ರ ಎಲ್ಲಿಂದ ಬಂತೆಂದು ರಾಜನನ್ನೇ ತರ್ಕಕ್ಕೆ ಎಳೆಯುತ್ತಾರೆ. ಸ್ಮಶಾನದ ದೃಶ್ಯವನ್ನು ಮಾತ್ರ ಪೂರ್ತಿಯಾಗಿ ಮೇಷ್ಟ್ರ ಕೈಗೆ ಬಿಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಹುಡುಗರಿಗೆ ಇದನ್ನೆಲ್ಲ ಓದಿ ಹೇಳಿದೆ. ವೀರಬಾಹುವಿನ ಹಾಡು ಚಿತ್ರದ್ದು, ಉಳಿದವು ಮೇಷ್ಟ್ರು ಕಲಿಸಿದವು ಎಂದು ತೀರ್ಮಾನವಾಯಿತು. ಹರಿಶ್ಚಂದ್ರನ ಪಾತ್ರದ ಹುಡುಗನಿಗೆ ಮೇಲಿನ ಸ್ಥಾಯಿ ಎಟುಕುತ್ತಿಲ್ಲವಾದ್ದರಿಂದ ಮೇಷ್ಟ್ರು ಶ್ರುತಿಯನ್ನು ಅರ್ಧ ಮನೆ ಇಳಿಸಿಕೊಂಡಿದ್ದಾರೆ. ಪದ್ಯಗಳನ್ನು ಅವರ ಕಂಠದಲ್ಲಿಯೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದೇವೆ.