ಆರ್ಚರ್ ಸಿ7 ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ: ಯಾವ ಫೈಲ್ ಹಾಕಬೇಕು?

ಹೊಸಬ:
ನಮ್ಮಣ್ಣ ಅಮೆರಿಕದಿಂದ ಬರುವಾಗ ತಂದಿದ್ದ ಟಿಪಿ-ಲಿಂಕ್ ಆರ್ಚರ್ ಸಿ7 ರೌಟರ್‌ನಲ್ಲಿ ಮೂಲ ಫರ್ಮ್‌ವೇರ್ (ರೌಟರನ್ನು ನಡೆಸುವ ಒಳತಂತ್ರಾಂಶ) ತೆಗೆದು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹಾಕಬೇಕೆಂದಿದ್ದೇನೆ. ಆದರೆ ಡೌನ್‌ಲೋಡ್ ಪುಟದಲ್ಲಿ ಇದೇ ಮಾದರಿಗೆ ‘ಫ್ಯಾಕ್ಟರಿ’, ‘ಸಿಸ್‌ಅಪ್‌ಗ್ರೇಡ್’ ಎಂದು ಹಲವು ಫೈಲ್‌ಗಳಿವೆ. ಯಾವುದನ್ನು ಆರಿಸಿಕೊಳ್ಳಬೇಕು? ಒಂದು ವೇಳೆ ರೌಟರ್ ಏಳದೇ ಹೋದರೆ ಸರಿಪಡಿಸಲು ದಾರಿಯಿದೆಯೇ?

ತಂತಿಜಾಲ:
ಮೊದಲು ರೌಟರನ್ನು ತಿರುಗಿಸಿ, ತಳದ ಚೀಟಿಯಲ್ಲಿ ‘ವರ್ಷನ್’ ಎಂಬುದರ ಮುಂದೆ ಏನಿದೆ ನೋಡಿ. ಹೆಸರು ಒಂದೇ ಆದರೂ ಒಳಗಿನ ಹಾರ್ಡ್‌ವೇರ್ ಬೇರೆ ಬೇರೆ: ಮೊದಲ ಆವೃತ್ತಿಯಲ್ಲಿರುವ 5 ಗಿಗಾಹರ್ಟ್ಸ್ ಚಿಪ್ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಕೆಲಸ ಮಾಡುವುದಿಲ್ಲ; ಎರಡನೆಯದರಲ್ಲಿ ಆ ತೊಂದರೆಯಿಲ್ಲ, 16 ಎಂಬಿ ಫ್ಲ್ಯಾಶ್ ಮತ್ತು 128 ಎಂಬಿ ರ್‍ಯಾಮ್ ಇರುವುದರಿಂದ ಜಾಗವೂ ಸಾಕಾಗುತ್ತದೆ. ಮೂಲ ಫರ್ಮ್‌ವೇರಿನ ನಿರ್ವಹಣಾ ಪುಟದಿಂದ ಮೊದಲ ಸಲ ಹಾಕುವಾಗ ‘ಫ್ಯಾಕ್ಟರಿ’ ಫೈಲ್ ಬೇಕು. ‘ಸಿಸ್‌ಅಪ್‌ಗ್ರೇಡ್’ ಇರುವುದು ಓಪನ್‌ಡಬ್ಲ್ಯುಆರ್‌ಟಿ ಈಗಾಗಲೇ ಇರುವ ಯಂತ್ರವನ್ನು ಮೇಲ್ದರ್ಜೆಗೇರಿಸುವುದಕ್ಕೆ. ಮೂಲ ಫರ್ಮ್‌ವೇರಿನ ಹೊಸ ಆವೃತ್ತಿಗಳು ಪ್ರದೇಶದ ಗುರುತನ್ನೂ ಪರಿಶೀಲಿಸುವುದರಿಂದ, ನಿಮ್ಮದು ಎರಡನೇ ಆವೃತ್ತಿಯಾಗಿದ್ದರೆ ಹೆಸರಿನ ಕೊನೆಯಲ್ಲಿ ‘ಯುಎಸ್’ ಇರುವ ಫ್ಯಾಕ್ಟರಿ ಫೈಲನ್ನೇ ತೆಗೆದುಕೊಳ್ಳಿ.

ಹಳೆಯಂತ್ರ:
ಫೈಲ್ ಇಳಿಸಿಕೊಂಡ ಮೇಲೆ ಅದರ ಎಸ್‌ಎಚ್‌ಎ256 ಮೊತ್ತವನ್ನು (ಫೈಲ್ ಕೆಡದೆ ಬಂದಿದೆಯೇ ಎಂದು ತಿಳಿಸುವ ಗುರುತು) ಡೌನ್‌ಲೋಡ್ ಪುಟದಲ್ಲಿರುವುದರೊಂದಿಗೆ ಹೋಲಿಸಿ. ವೈಫೈ ಮೂಲಕ ಹಾಕಲು ಹೋಗದೆ ಕೇಬಲ್ ಬಳಸಿ, ರೌಟರನ್ನು ಯುಪಿಎಸ್‌ಗೆ ಜೋಡಿಸಿ. ನಮ್ಮ ಕಡೆಯ ಕರೆಂಟನ್ನು ನಂಬಿ ಈ ಕೆಲಸಕ್ಕೆ ಕೈಹಾಕುವುದು ಬೇಡ.

ಇನ್ನು ಏಳದೇ ಹೋದರೆ ಎಂಬ ಪ್ರಶ್ನೆ. ಬೂಟ್‌ಲೋಡರ್ (ಸ್ವಿಚ್ ಹಾಕಿದಾಗ ಮೊದಲು ಓಡಿ ಫರ್ಮ್‌ವೇರನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಕೆಡದಿದ್ದರೆ ಭಯಪಡಬೇಕಿಲ್ಲ. ಕಂಪ್ಯೂಟರಿಗೆ 192.168.0.66 ವಿಳಾಸ ಕೊಟ್ಟು, ಅದರಲ್ಲಿ ಟಿಎಫ್‌ಟಿಪಿ ಸರ್ವರ್ (ಫೈಲ್ ಕಳಿಸಿಕೊಡುವ ಸರಳ ತಂತ್ರಾಂಶ) ನಡೆಸಿ, ರೀಸೆಟ್ ಗುಂಡಿ ಒತ್ತಿಹಿಡಿದೇ ಸ್ವಿಚ್ ಹಾಕಿದರೆ ರೌಟರ್ ತಾನಾಗಿ ಫೈಲ್ ಕೇಳಿ ಪಡೆಯುತ್ತದೆ. ಫೈಲಿನ ಹೆಸರು ಅದು ಕೇಳುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಆ ಹೆಸರು ಓಪನ್‌ಡಬ್ಲ್ಯುಆರ್‌ಟಿ ತಾಣದಲ್ಲಿ ಈ ರೌಟರಿನ ಆಯಾ ಆವೃತ್ತಿಯ ಮಾಹಿತಿಯಲ್ಲಿದೆ. ಮುಂದೆಂದಾದರೂ ಓಪನ್‌ಡಬ್ಲ್ಯುಆರ್‌ಟಿಯಿಂದ ಮೂಲ ಫರ್ಮ್‌ವೇರಿಗೆ ಮರಳುವುದಾದರೆ, ಆ ಫೈಲಿನ ಹೆಸರಿನಲ್ಲಿ ‘ಬೂಟ್’ ಎಂದಿದ್ದಲ್ಲಿ ಮೊದಲ 1,31,584 ಬೈಟ್‌ಗಳನ್ನು ಕತ್ತರಿಸದೆ ಬರೆಯಲೇಬೇಡಿ.

ಹೊಸಬ:
ಚೀಟಿಯಲ್ಲಿ 2.0 ಎಂದಿದೆ. ‘ಯುಎಸ್’ ಫ್ಯಾಕ್ಟರಿ ಫೈಲ್ ಹಾಕಿದೆ, ಮೊತ್ತವೂ ಹೊಂದಿತ್ತು. ರೌಟರ್ ಎದ್ದಿದೆ, ಆದರೆ ವೈಫೈ ಕಾಣಿಸುತ್ತಿಲ್ಲ.

ತಂತಿಜಾಲ:
ಅದು ದೋಷವಲ್ಲ, ಹೊಸದಾಗಿ ಹಾಕಿದಾಗ ವೈಫೈ ಆರಿರುತ್ತದೆ. ಕೇಬಲ್ ಮೂಲಕ ಬ್ರೌಸರಿನಲ್ಲಿ 192.168.1.1 ತೆರೆದು, ಪಾಸ್‌ವರ್ಡ್ ಇಲ್ಲದೆ ರೂಟ್ (ಮುಖ್ಯ ನಿರ್ವಾಹಕ) ಹೆಸರಿನಲ್ಲಿ ಒಳಹೋಗಿ. ಮೊದಲು ಪಾಸ್‌ವರ್ಡ್ ಇಡಿ, ಆಮೇಲೆ ದೇಶವನ್ನು ಭಾರತ ಎಂದು ಆರಿಸಿ ವೈಫೈ ಚಾಲೂ ಮಾಡಿ.