ಪುಟ್ಟನ ಕಾಮಾಲೆ, ನೆಲನೆಲ್ಲಿ: ದೊಡ್ಡಮ್ಮನ ವಾಯ್ಸ್ ಮೆಸೇಜು

ಸುಮಾ, ನಿನ್ನ ಮೆಸೇಜು ಈಗ ನೋಡಿದೆ. ನಾನು ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪುಟ್ಟನ ಕಣ್ಣು ಹಳದಿ ಆಗಿದೆ, ಅತ್ತೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡೋಣ ಅಂತಾರೆ, ಕೊಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಈಗಲೇ ಬೇಡ. ಮೊದಲು ರಕ್ತ ಪರೀಕ್ಷೆ. ಹಳದಿ ಯಾಕೆ ಬಂತು ಅಂತ ಗೊತ್ತಾಗುವ ತನಕ ಒಂದು ಎಲೆಯನ್ನೂ ಅರೆಯಬೇಡಿ.

ನಿಮ್ಮತ್ತೆ ಹೇಳಿದ್ದು ಹೊಸದಲ್ಲ. ನಮ್ಮಮ್ಮನೂ ಕೊಡುತ್ತಿದ್ದಳು. ಬೇರು ಸಮೇತ ಕಿತ್ತು, ಮಣ್ಣು ತೊಳೆದು, ನುಣ್ಣಗೆ ಅರೆದು, ಬೆಳಿಗ್ಗೆ ಬರಿಹೊಟ್ಟೆಗೆ. ಜೊತೆಗೆ ಪಥ್ಯ. ಉಪ್ಪಿಲ್ಲ, ಎಣ್ಣೆ ಇಲ್ಲ, ಬರೀ ಗಂಜಿ. ಸ್ವಲ್ಪ ದಿನಕ್ಕೆ ಹಳದಿ ಇಳಿಯುತ್ತಿತ್ತು, ನಿಜ. ಆದರೆ ಮಕ್ಕಳಿಗೆ ಬರುವ ಕಾಮಾಲೆಯಲ್ಲಿ ಹೆಪಟೈಟಿಸ್ ಎ ಜಾಸ್ತಿ, ನೀರಿನಿಂದ ಬರುವ ಲಿವರ್ ಸೋಂಕು. ಅದು ಮದ್ದು ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಸಾಮಾನ್ಯವಾಗಿ ಇಳಿಯುತ್ತದೆ. ಹೆಸರು ಮಾತ್ರ ಸೊಪ್ಪಿಗೆ.

ನಿಮ್ಮ ದೊಡ್ಡಪ್ಪನಿಗೆ ಆದದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನಾಗ ಸಣ್ಣವಳು. ಕೆಳಗದ್ದೆಯ ನಾಟಿ ಆಗಷ್ಟೇ ಮುಗಿದಿತ್ತು. ಬದು ಕಡಿಯುವಾಗ ಗುದ್ದಲಿ ತಾಗಿ ಪಾದ ಸೀಳಿತ್ತು, ಅದಕ್ಕೊಂದು ಬಟ್ಟೆ ಸುತ್ತಿಕೊಂಡು ಅದೇ ಕೆಸರಲ್ಲಿ ನಿಂತಿದ್ದರು. ಆಮೇಲೆ ಜ್ವರ. ಸುಮ್ನೆ ಜ್ವರ ಅಲ್ಲ, ಕಣ್ಣು ಕೆಂಡ, ಮೀನಖಂಡ ಮುಟ್ಟಿದರೆ ಕೂಗುತ್ತಿದ್ದರು. ಎರಡು ಕಂಬಳಿ ಹೊದ್ದರೂ ನಡುಕ. ಅದರ ಹಿಂದೆಯೇ ಕಣ್ಣು ಹಳದಿಗೆ ತಿರುಗಿತು. ಮೂಲೆಮನೆ ಭಾವ ಬಂದವರೇ, ಇದು ಕಾಮಾಲೆಯೇ ಸೈ ಅಂದರು. ನಾನು ತೀರ್ಥಹಳ್ಳಿಗೆ ಕರೆದುಕೊಂಡು ಹೋಗೋಣ ಅಂದೆ. ಆ ಮನೆಯಲ್ಲಿ ಸೊಸೆ ಮಾತು ಯಾರು ಕೇಳಬೇಕು? ಹೊಳೆಯಾಚೆ ಮದ್ದು ಕೊಡುವವರ ಹತ್ತಿರ ಹೋದರು. ಅವರು ಉಂಡೆ ಕೊಟ್ಟು, ಇಂಗ್ಲಿಷ್ ಔಷಧಿ ಮುಟ್ಟಿದರೆ ನಮ್ಮ ಮದ್ದು ಹತ್ತುವುದಿಲ್ಲ ಅಂತ ಬೇರೆ ಹೇಳಿ ಕಳಿಸಿದರು.

ರಾತ್ರಿ ಹೊರಗೆ ಹೋಗಲು ತ್ರಾಣ ಇಲ್ಲ ಅಂತ ಮಂಚದ ಕೆಳಗೆ ಒಂದು ಡಬ್ಬಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ತಳ ಅಷ್ಟೇ ಒದ್ದೆ, ಅದೂ ಕಾಫಿ ಡಿಕಾಕ್ಷನ್ ಬಣ್ಣ. ನನಗೆ ಕೈಕಾಲು ತಣ್ಣಗಾಯಿತು. ಅಣ್ಣನಿಗೆ ಹೇಳಿ ಕಳಿಸಿ, ಜೀಪು ತರಿಸಿ, ಆ ಮಳೆಯಲ್ಲೇ ಆಗುಂಬೆ ಘಾಟಿ ಇಳಿಸಿದೆವು. ಡಾಕ್ಟರು ಹೇಳಿದ್ದು, ಇದು ಇಲಿ ಜ್ವರ. ಇಲಿ ಮೂತ್ರ ಸೇರಿದ ಗದ್ದೆ ನೀರು ಗಾಯದಲ್ಲಿ ಹೋಗಿದೆ, ಲಿವರ್ ಅಲ್ಲದೆ ಕಿಡ್ನಿಯೂ ಕೆಟ್ಟಿದೆ ಅಂತ. ಡಯಾಲಿಸಿಸ್ ಮಾಡಿದರು, ಪೆನ್ಸಿಲಿನ್ ಕೊಟ್ಟರು. ಜೀವ ಉಳಿಯಿತು. ಮೊದಲೇ ಬಂದಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ ಅಂದರು. ಹೆಪಟೈಟಿಸ್ ಎಯಲ್ಲಿ ಸಾಮಾನ್ಯವಾಗಿ ಹಳದಿ ಕಾಣುವ ಹೊತ್ತಿಗೆ ಜ್ವರ ಇಳಿದಿರುತ್ತದಂತೆ. ಜ್ವರವೂ ಹಳದಿಯೂ ಒಟ್ಟಿಗೆ ಇದ್ದರೆ ಇಲಿ ಜ್ವರವನ್ನೂ ನೋಡಬೇಕಂತೆ. ಪುಟ್ಟನಿಗೆ ಜ್ವರ ಇದೆಯಾ ಇಲ್ಲವಾ, ನೀನು ಬರೆದೇ ಇಲ್ಲ.

ಆ ಸೊಪ್ಪಲ್ಲಿ ಏನೂ ಇಲ್ಲವಾ ಅಂತ ನಾನೂ ಮಗಳನ್ನು ಕೇಳಿದ್ದೆ, ಅವಳು ಔಷಧದ ವಿಷಯವೇ ಓದಿದವಳಲ್ಲವಾ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಅವರು ಹೆಪಟೈಟಿಸ್ ಬಿ ಇದ್ದವರಿಗೆ ನೆಲನೆಲ್ಲಿ ಪುಡಿ ಕೊಟ್ಟು ನೋಡಿದರಂತೆ. ಜೊತೆಗಿದ್ದದ್ದು ಬ್ಲೂಮ್‌ಬರ್ಗ್, ಆ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ತೆಗೆದುಕೊಂಡವರು. ಸೊಪ್ಪು ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತು, ಹುಸಿ ಔಷಧಿ ತಿಂದ 23ರಲ್ಲಿ ಒಬ್ಬರಿಗೆ ಮಾತ್ರ. ಎಷ್ಟು ದೊಡ್ಡ ಸುದ್ದಿ! ಆಮೇಲೆ ಬೇರೆ ಕಡೆ ಮಾಡಿದವರಿಗೆ ಆ ಫಲ ಸಿಗಲಿಲ್ಲ. 2011ರಲ್ಲಿ ಕಾಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯವರು ಎಲ್ಲ ಪ್ರಯೋಗ ಒಟ್ಟು ಹಾಕಿ ನೋಡಿ, ನಂಬುವಂಥ ಪುರಾವೆ ಇಲ್ಲ ಅಂದರು. ಅದೂ ಮೈಯಲ್ಲಿ ಬಹಳ ಕಾಲ ಉಳಿದುಬಿಡುವ ಹೆಪಟೈಟಿಸ್ ಬಿ ವಿಷಯ, ಪುಟ್ಟನ ಕಾಮಾಲೆಯದ್ದಲ್ಲ. ನೆಲನೆಲ್ಲಿ ತಂಬುಳಿ ನಾನು ಇವತ್ತಿಗೂ ಮಾಡುತ್ತೇನೆ. ಅದು ಊಟಕ್ಕೆ. ಮತ್ತೆ ಹೇಳುತ್ತಿದ್ದೇನೆ, ಹಳದಿ ಯಾಕೆ ಬಂತು ಅಂತ ಗೊತ್ತಾಗುವ ತನಕ ಒಂದು ಎಲೆಯನ್ನೂ ಅರೆಯಬೇಡಿ.

ಅರೆಯೋಣ ಅಂದರೂ ಈಗ ಸೊಪ್ಪು ಎಲ್ಲಿದೆ? ಮಳೆ ಹಿಡಿದರೆ ತೋಟದ ತುಂಬ ಇರುತ್ತಿತ್ತು, ಎಲೆ ಮಗುಚಿದರೆ ಅಡಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಕಾಯಿ. ಈಗ ಗಣಪತಿ ವರ್ಷಕ್ಕೆರಡು ಸಲ ಕಳೆನಾಶಕ ಹೊಡೆಸುತ್ತಾನೆ. ಗಣಪತಿ, ನೀನೂ ಈ ಗ್ರೂಪಲ್ಲಿದ್ದೀಯ, ಕೇಳಿಸಿಕೋ. ನಿನ್ನ ಔಷಧಿ ನಿನ್ನ ಬೇಲಿಯೊಳಗೆ ನಿಲ್ಲುತ್ತಾ? ಮೇಲಿನ ತೋಟದ ನೀರು ನಮ್ಮ ತೋಟದ ಕಪ್ಪಿಗೇ, ಆ ಬಸಿಗಾಲುವೆಗೇ ಇಳಿಯೋದು. ಒಂದೆಲಗವೂ ಹೋಯಿತು. ಕೇಳಿದರೆ, ಆಳು ಸಿಗಲ್ಲ ದೊಡ್ಡಮ್ಮ ಅಂತೀಯ. ಪಾಲಾಗುವಾಗ ನೀರಿನ ದಾರಿ ಇಬ್ಬರಿಗೂ ಸೇರಿದ್ದು ಅಂತ ಬರೆಸಿದ್ದು ನಿನ್ನಪ್ಪನೇ. ಹೋಗಲಿ, ನಾನು ಹೇಳಿದರೆ ಗಯ್ಯಾಳಿ ಅಂತೀರಿ.

ಅಯ್ಯೋ, ಸುಮಾ, ಮುಖ್ಯವಾದ್ದೇ ಬಿಟ್ಟೆ. ನಾಳೆ ಬೆಳಿಗ್ಗೆಯೇ ಮಕ್ಕಳ ಡಾಕ್ಟರಿಗೆ ತೋರಿಸು. ರಕ್ತದಲ್ಲಿ ಹಳದಿ ಎಷ್ಟಿದೆ ಅಂತ ನೋಡುವ ಬಿಲಿರುಬಿನ್, ಲಿವರಿಗೆ ಪೆಟ್ಟಾಗಿದೆಯಾ ಅಂತ ನೋಡುವ ಎಸ್‌ಜಿಪಿಟಿ ಜೊತೆ ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪಿಟಿ-ಐಎನ್‌ಆರ್ ಕೂಡ ಮಾಡಿಸಬೇಕಾ ಅಂತ ಕೇಳು, ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅದರಲ್ಲೇ ತಿಳಿಯೋದು. ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ, ಮಾತು ಅಡ್ಡಾದಿಡ್ಡಿ ಆದರೆ, ಎಲ್ಲಾದರೂ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡ, ರಾತ್ರಿಯೇ ಶಿವಮೊಗ್ಗಕ್ಕೆ ಹೊರಡು. ಡಾಕ್ಟರನ್ನು ಕೇಳದೆ ಪ್ಯಾರಸಿಟಮಾಲ್ ಕೊಡಬೇಡ. ಉಪ್ಪು ಬಿಡಿಸಿ ಮಗುವನ್ನು ಸೊರಗಿಸಬೇಡಿ, ಸೇರಿದ್ದನ್ನು ತಿನ್ನಲಿ. ಹೆಪಟೈಟಿಸ್ ಎ ಅಂತಲೇ ಬಂದರೆ ಪುಟ್ಟನ ಜೊತೆಗೇ ಇರುವ ಚಿನ್ನುವಿಗೆ ಲಸಿಕೆ ಹಾಕಿಸಬಹುದಾ ಅಂತ ಅಲ್ಲೇ ಕೇಳು, ಎರಡು ವಾರದೊಳಗೆ ಹಾಕಿಸಿದರೆ ಉಪಯೋಗ. ಕುಡಿಯುವ ನೀರು ಕುದಿಸಿ ಆರಿಸಿ. ಕಕ್ಕಸಿಗೆ ಹೋಗಿ ಬಂದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಲು ಪಂಚಾಯಿತಿಗೆ ಹೇಳುವುದು ನಿಮ್ಮನೆಯವರ ಕೆಲಸ, ಅವರಿಗೆ ಇವತ್ತೇ ನೆನಪಿಸು.