ಅಪ್‌ಡೇಟ್: ಲಗೇಜ್‌ಗೆ 200 ಕೇಳಿದ ಟ್ಯಾಕ್ಸಿ ವಿಷಯ

ಬೆಂಗಳೂರಲ್ಲಿ ರೈಲಿಳಿದು 12 ಕಿಲೋಮೀಟರ್ ಹೋಗೋಕೆ ಟ್ಯಾಕ್ಸಿಯವರು 600 ಕೇಳಿದರು, ಅದರಲ್ಲಿ 200 ಲಗೇಜ್‌ಗಂತೆ, ಏನು ಮಾಡಲಿ ಅಂತ ಕೇಳಿದ್ದೆ. ಸರ್ಕಾರದ ದರಪಟ್ಟಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.

2024ರ ಜನವರಿಯ ಆದೇಶದಲ್ಲಿ 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರ್‌ಗೆ 100, ಆಮೇಲೆ ಕಿಲೋಮೀಟರಿಗೆ 24. ನನ್ನ ದಾರಿಗೆ 292 ಆಗುತ್ತೆ, ಜಿಎಸ್‌ಟಿ ಬೇರೆ. ಲಗೇಜು 120 ಕೆಜಿವರೆಗೂ ಉಚಿತ! ಅಮ್ಮ ತಂದಿದ್ದು ಎರಡು ಬ್ಯಾಗು, ಒಂದು ಹಲಸಿನಹಣ್ಣು ಅಷ್ಟೇ. ಸುಮ್ನೆ ಹೆದರಿಸಿ ದುಡ್ಡು ಕಿತ್ತರು, ಅಲ್ವಾ?

ಮೊನ್ನೆ ಮತ್ತೆ ಅದೇ ಸ್ಟೇಷನ್. ಹತ್ತುವ ಮೊದಲೇ ಮೊಬೈಲ್‌ನಲ್ಲಿ ದರಪಟ್ಟಿ ತೋರಿಸಿದೆ, ನಂಬರ್ ಪ್ಲೇಟಿನ ಫೋಟೋ ತೆಗೆದೆ. ಡ್ರೈವರ್ ಒಂದು ನಿಮಿಷ ಪಟ್ಟಿ ಓದಿದರು. "ಸರಿ, ಕೂತ್ಕೊಳ್ಳಿ ಮೇಡಂ" ಎಂದರು. ಇಳಿಯುವಾಗ 310 ಕೊಟ್ಟೆ. ಜಾಸ್ತಿ ಕೇಳಲಿಲ್ಲ.